ಕನ್ನಡ ವೆಬ್‌ಸೈಟ್ ಗೂಗಲ್‌ನಲ್ಲಿ ಕಾಣಿಸುತ್ತಲೇ ಇಲ್ಲ, ಏನು ಮಾಡಬೇಕು?

ಅಡಿಕೆ, ಕಾಳುಮೆಣಸಿನ ಕೃಷಿ ಬಗ್ಗೆ ವರ್ಡ್‌ಪ್ರೆಸ್‌ನಲ್ಲಿ ಕನ್ನಡ ವೆಬ್‌ಸೈಟ್ ಮಾಡಿದ್ದೀರಿ, ಎಂಬತ್ತರಷ್ಟು ಲೇಖನಗಳಿವೆ, ಹುಡುಕಿದರೆ ಒಂದೂ ಸಿಗುತ್ತಿಲ್ಲ ಎಂದಿದ್ದೀರಿ. 500 ಬ್ಯಾಕ್‌ಲಿಂಕ್ (ಬೇರೆ ಸೈಟುಗಳಿಂದ ನಿಮ್ಮ ಸೈಟಿಗೆ ಕೊಂಡಿ) ಹಾಕಿಸಿ ಮೊದಲ ಸ್ಥಾನಕ್ಕೆ ತರುತ್ತೇವೆ ಅಂತ ಯಾರೋ 15 ಸಾವಿರ ಕೇಳುತ್ತಿದ್ದಾರೆ, ಕೊಡಲೇ ಎಂಬುದು ನಿಮ್ಮ ಪ್ರಶ್ನೆ.

ಕೊಡಬೇಡಿ. ಮೊದಲ ಸ್ಥಾನದ ಖಾತರಿ ಯಾರೂ ಕೊಡಲಾರರು ಎಂದು ಗೂಗಲ್ಲೇ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ರ‍್ಯಾಂಕಿಂಗ್‌ಗೋಸ್ಕರ, ಅಂದರೆ ಹುಡುಕಾಟದಲ್ಲಿ ಮೇಲಿನ ಸ್ಥಾನಕ್ಕೋಸ್ಕರ, ಲಿಂಕ್ ಕೊಳ್ಳುವುದು ಅದರ ಸ್ಪ್ಯಾಮ್ ನೀತಿಗೂ ವಿರುದ್ಧ. ಮೇಲಾಗಿ, ಒಂದೂ ಪುಟ ಸಿಗುತ್ತಿಲ್ಲ ಎಂದರೆ ತೊಂದರೆ ರ‍್ಯಾಂಕಿಂಗ್‌ವರೆಗೆ ಬಂದೇ ಇಲ್ಲ. ಒಂದೋ ಪುಟಗಳು ಗೂಗಲ್ ಹುಡುಕಾಟಕ್ಕೆಂದು ಇಟ್ಟುಕೊಳ್ಳುವ ಪಟ್ಟಿಗೆ (ಇಂಡೆಕ್ಸ್) ಸೇರಿಲ್ಲ, ಇಲ್ಲವೇ ಪುಟಗಳಲ್ಲಿರುವ ಕನ್ನಡ ಗೂಗಲ್‌ಗೆ ಕನ್ನಡವಾಗಿ ಕಾಣುತ್ತಿಲ್ಲ.

ಮೊದಲು ಗೂಗಲ್ ಸರ್ಚ್ ಕನ್ಸೋಲ್‌ಗೆ, ಅಂದರೆ ಸೈಟ್ ಹುಡುಕಾಟದಲ್ಲಿ ಹೇಗಿದೆ ಎಂದು ಮಾಲೀಕರಿಗೆ ತೋರಿಸುವ ಗೂಗಲ್ ಸೇವೆಗೆ, ಸೈಟ್ ಸೇರಿಸಿ. ಉಚಿತ. ಡೊಮೇನ್ (ಸೈಟಿನ ಹೆಸರು) ಕೊಂಡ ಕಡೆ ಅದರ ಡಿಎನ್‌ಎಸ್ ಸೆಟ್ಟಿಂಗ್‌ನಲ್ಲಿ ಗೂಗಲ್ ಕೊಡುವ ಸಾಲನ್ನು ಟಿಎಕ್ಸ್‌ಟಿ ದಾಖಲೆಯಾಗಿ ಹಾಕಿದರೆ ಮಾಲೀಕತ್ವ ದೃಢವಾಗುತ್ತದೆ. ಆಮೇಲೆ ಯಾವುದಾದರೂ ಒಂದು ಲೇಖನದ ವಿಳಾಸವನ್ನು ಮೇಲಿನ ಯುಆರ್‌ಎಲ್ ಇನ್‌ಸ್ಪೆಕ್ಷನ್ ಪಟ್ಟಿಯಲ್ಲಿ ಅಂಟಿಸಿ. ‘ನೋಇಂಡೆಕ್ಸ್’ (ಇಂಡೆಕ್ಸ್ ಮಾಡಬೇಡಿ ಎಂಬ ಸೂಚನೆ) ಎಂದು ಬಂದರೆ ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಪುಟ ತೆರೆಯಿರಿ. ಸರ್ಚ್ ಇಂಜಿನ್‌ಗಳು ಸೈಟನ್ನು ಇಂಡೆಕ್ಸ್ ಮಾಡದಂತೆ ಕೋರುವ ಚೌಕದಲ್ಲಿ ಟಿಕ್ ಇದ್ದರೆ ತೆಗೆಯಿರಿ. ಸೈಟ್ ಕಟ್ಟುವಾಗ ಹಾಕಿದ್ದನ್ನು ತೆಗೆಯಲು ಮರೆಯುವುದು ಬಹಳ ಸಾಮಾನ್ಯ. ‘ಕ್ರಾಲ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್’ ಎಂದಿದ್ದರೆ ಗೂಗಲ್ ಬಂದು ಓದಿದೆ, ಇಟ್ಟುಕೊಂಡಿಲ್ಲ. ಆಗ ‘ವ್ಯೂ ಕ್ರಾಲ್ಡ್ ಪೇಜ್’ ಒತ್ತಿ, ಗೂಗಲ್‌ಗೆ ಸಿಕ್ಕ ಎಚ್‌ಟಿಎಂಎಲ್‌ನಲ್ಲಿ (ಪುಟದ ಮೂಲ ಪಠ್ಯ) ನಿಮ್ಮ ಕನ್ನಡ ವಾಕ್ಯಗಳಿವೆಯೇ ಎಂದು ಕಣ್ಣಾರೆ ನೋಡಿ.

ಕನ್ನಡ ಸೈಟುಗಳು ಸೋಲುವುದು ಹೆಚ್ಚಾಗಿ ಇಲ್ಲೇ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿ, ಅಂದರೆ ಇಂಗ್ಲಿಷ್ ಅಕ್ಷರ ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರ ತೋರಿಸುವ ಫಾಂಟ್‌ನಲ್ಲಿ, ಟೈಪ್ ಮಾಡಿದ್ದು ಪರದೆಯ ಮೇಲೆ ಮಾತ್ರ ಕನ್ನಡ. ಪುಟದಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿ ನೋಡಿ. ‘ಕನ್ನಡ’ ಎಂಬ ಪದದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಮೇಲೆ ಗೆರೆಯಿರುವ ಎ, ಪೌಂಡ್ ಚಿಹ್ನೆ ಹೀಗೆ ಕಲಸುಮೇಲೋಗರ ಬಂದರೆ ಗೂಗಲ್ ಓದುತ್ತಿರುವುದೂ ಅದನ್ನೇ. ಆಸ್ಕಿಯಿಂದ ಯೂನಿಕೋಡ್‌ಗೆ (ಕನ್ನಡಕ್ಕೆ ತನ್ನದೇ ಸಂಕೇತಗಳಿರುವ ವ್ಯವಸ್ಥೆ) ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಒಂದು ಸಲ ಓದಿ ಸರಿಪಡಿಸಲೇಬೇಕು. ಲೇಖನವನ್ನು ಚಿತ್ರ ಮಾಡಿಯೋ ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿಯೋ ಹಾಕಿದ್ದರೆ ಟೈಪ್ ಮಾಡಿಸಿ.

ಯೂನಿಕೋಡ್‌ನಲ್ಲೇ ಇದ್ದರೂ ಸೊನ್ನೆ ಗಮನಿಸಿ. ಅನುಸ್ವಾರದ ಬದಲು ಕನ್ನಡ ಅಂಕಿ ಸೊನ್ನೆಯನ್ನು ಒತ್ತುವವರಿದ್ದಾರೆ. ‘ಅ೦ತರಬೆಳೆ’ ಮತ್ತು ‘ಅಂತರಬೆಳೆ’ ಕಣ್ಣಿಗೆ ಹೆಚ್ಚುಕಡಿಮೆ ಒಂದೇ, ಯಂತ್ರಕ್ಕೆ ಬೇರೆ ಬೇರೆ ಅಕ್ಷರ. ಅಕ್ಷರಗಳ ನಡುವೆ ಬಂದ ಇಂಥ ಸೊನ್ನೆಗಳನ್ನೆಲ್ಲ ಹುಡುಕಿ ಬದಲಿಸಿ. ‘೧೦೦’ ತರದ ನಿಜವಾದ ಅಂಕಿಗಳನ್ನು ಮುಟ್ಟಬೇಡಿ.

ಮುಂದೆ ವಿಳಾಸ. ಶೀರ್ಷಿಕೆ ಕನ್ನಡದಲ್ಲಿದ್ದರೆ ವರ್ಡ್‌ಪ್ರೆಸ್ ಅದರಿಂದಲೇ ಸ್ಲಗ್ (ವಿಳಾಸದ ಕೊನೆಯ ಭಾಗ) ಮಾಡುತ್ತದೆ. ಯೂನಿಕೋಡ್ ಪಠ್ಯವನ್ನು ಉಳಿಸುವ ಯುಟಿಎಫ್-8 ಕ್ರಮದಲ್ಲಿ ಒಂದು ಕನ್ನಡ ಸಂಕೇತಕ್ಕೆ 3 ಬೈಟ್. ವಿಳಾಸದಲ್ಲಿ ಶೇಕಡಾ ಚಿಹ್ನೆಯೊಂದಿಗೆ ಅದು 9 ಅಕ್ಷರವಾಗುತ್ತದೆ. ಸ್ಲಗ್‌ನ ಮಿತಿ ಇಂಥ 200 ಅಕ್ಷರ, ಅಂದರೆ 22 ಕನ್ನಡ ಸಂಕೇತ. ಕಾಗುಣಿತದ ಚಿಹ್ನೆಗಳೂ ಲೆಕ್ಕಕ್ಕೆ ಬರುವುದರಿಂದ ಮೂರ್ನಾಲ್ಕು ಪದಕ್ಕೆ ವಿಳಾಸ ಅರ್ಧಕ್ಕೇ ತುಂಡಾಗುತ್ತದೆ. ಕನ್ನಡ ವಿಳಾಸವನ್ನು ಗೂಗಲ್ ಓದುತ್ತದೆ, ಆದರೂ ಎರಡು ಮೂರು ಪದದ ಚಿಕ್ಕ ಇಂಗ್ಲಿಷ್ ಸ್ಲಗ್ ಇಡುವುದೇ ಮೇಲು, ವಾಟ್ಸಾಪ್‌ನಲ್ಲಿ ಹಂಚಿದಾಗಲೂ ಉದ್ದ ಬಾಲ ಕಾಣದು. ಈಗಾಗಲೇ ಪ್ರಕಟವಾದದ್ದನ್ನು ಬದಲಿಸಿದರೆ ಹಳೆಯ ವಿಳಾಸದಿಂದ ಹೊಸದಕ್ಕೆ 301 ರೀಡೈರೆಕ್ಟ್ (ಬಂದವರನ್ನು ಶಾಶ್ವತವಾಗಿ ಹೊಸ ವಿಳಾಸಕ್ಕೆ ಕಳಿಸುವ ಏರ್ಪಾಡು) ಹಾಕಿ. ಸುಮ್ಮನೆ ಚಂದಕ್ಕೆಂದು ಎಲ್ಲವನ್ನೂ ಬದಲಿಸಲು ಹೋಗಬೇಡಿ.

ಇಷ್ಟಾದ ಮೇಲೆ ಬರುವುದು ರ‍್ಯಾಂಕಿಂಗ್. ‘ರೈತ ಬಾಂಧವರಿಗೊಂದು ಕಿವಿಮಾತು’ ಎಂಬ ಶೀರ್ಷಿಕೆಯನ್ನು ಯಾರೂ ಹುಡುಕುವುದಿಲ್ಲ. ‘ಅಡಿಕೆ ಕೊಳೆರೋಗ: ಶೇ 1 ಬೋರ್ಡೊ ದ್ರಾವಣ ತಯಾರಿಸುವ ವಿಧಾನ’ ಎಂದಿಡಿ. ಮೊದಲ ಪ್ಯಾರಾದಲ್ಲೇ ಉತ್ತರವಿರಲಿ: 100 ಲೀಟರ್ ನೀರಿಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ಮೊದಲ ಸಿಂಪಡಣೆ ಮುಂಗಾರು ಶುರುವಾಗುವ ಮೊದಲು, ಎರಡನೆಯದು 40–45 ದಿನಕ್ಕೆ. ಎರಡನ್ನೂ ಬೇರೆ ಬೇರೆ ಕರಗಿಸಿ ಬೆರೆಸುವ ಕ್ರಮ, ರಸಸಾರ (ಪಿಎಚ್) ನೋಡುವ ಬಗೆ, ನಿಮ್ಮದೇ ತೋಟದ ಫೋಟೊ ಆಮೇಲೆ ಬರಲಿ. ಕೊಳೆರೋಗಕ್ಕೆ ಮಹಾಳಿ ಅಂತಲೂ ಹೇಳುತ್ತಾರೆ. ಆ ಹೆಸರೂ ಲೇಖನದೊಳಗೆ ಸಹಜವಾಗಿ ಬರಬೇಕು. ಒಂದೇ ರೋಗದ ಬಗ್ಗೆ ನಾಲ್ಕು ಚಿಕ್ಕ ಬರಹಗಳಿದ್ದರೆ ಕೂಡಿಸಿ ಒಂದು ಗಟ್ಟಿ ಲೇಖನ ಮಾಡಿ, ಉಳಿದ ಮೂರನ್ನು ಅದಕ್ಕೇ ರೀಡೈರೆಕ್ಟ್ ಮಾಡಿ. ಮೆಣಸಿನ ಸೊರಗು ರೋಗದ ಲೇಖನದಿಂದ ಬೋರ್ಡೊ ಲೇಖನಕ್ಕೆ ಕೊಂಡಿ ಕೊಡಿ. ಮೆಟಾ ಕೀವರ್ಡ್ (ಪುಟದ ಕೋಡ್‌ನಲ್ಲಿ ಅಡಗಿರುವ ಪದಪಟ್ಟಿ) ತುಂಬಿಸುತ್ತಾ ಕೂರಬೇಡಿ, ರ‍್ಯಾಂಕಿಂಗ್‌ಗೆ ಅದನ್ನು ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿಯಾಗಿದೆ.

ವೇಗದ ವಿಷಯಕ್ಕೆ ಇಷ್ಟು ಸಾಕು: ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು. ಮೊಬೈಲಿನಲ್ಲಿ ತೆಗೆದ 4 ಎಂಬಿ ಫೋಟೊವನ್ನು ಹಾಗೇ ಏರಿಸದೆ, ಅಗಲ 1200 ಪಿಕ್ಸೆಲ್‌ಗೆ ಇಳಿಸಿ, ಕಡಿಮೆ ಗಾತ್ರದ ವೆಬ್‌ಪಿ ಚಿತ್ರವಾಗಿ ಮಾಡಿ. ಕನ್ನಡ ಫಾಂಟ್ ಒಂದೇ ಇರಲಿ, ವೆಬ್‌ಗೆಂದೇ ಕುಗ್ಗಿಸಿದ ಡಬ್ಲ್ಯುಒಎಫ್‌ಎಫ್2 ರೂಪದಲ್ಲಿರಲಿ.

ತಿದ್ದಿದ ಮುಖ್ಯ ಪುಟಗಳಿಗೆ ಸರ್ಚ್ ಕನ್ಸೋಲ್‌ನಲ್ಲಿ ‘ರಿಕ್ವೆಸ್ಟ್ ಇಂಡೆಕ್ಸಿಂಗ್’ ಕೊಡಿ, ಉಳಿದವಕ್ಕೆ ಸೈಟ್‌ಮ್ಯಾಪ್ (ಸೈಟಿನ ಪುಟಗಳ ಪಟ್ಟಿ) ಸಲ್ಲಿಸಿದರೆ ಸಾಕು. ಫಲ ಕಾಣಲು ಕೆಲವು ದಿನವೂ ಆಗಬಹುದು, ಕೆಲವು ತಿಂಗಳೂ ಆಗಬಹುದು. ಅಲ್ಲಿಂದ ಮುಂದೆ ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ವರದಿಯಲ್ಲಿ ಸರಾಸರಿ ಸ್ಥಾನ 8ರಿಂದ 20ರ ನಡುವೆ ಇರುವ ಹುಡುಕಾಟಗಳನ್ನು ನೋಡುತ್ತಿರಿ. ಜನ ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ್ದೂ ಅಲ್ಲೇ ಗೊತ್ತಾಗುತ್ತದೆ. ಅವರು ಕೇಳಿದ್ದಕ್ಕೆ ಲೇಖನದಲ್ಲಿ ಉತ್ತರ ಇಲ್ಲದಿದ್ದರೆ ಅದನ್ನು ಸೇರಿಸಿ, ಮುಂದಿನ 28 ದಿನದ ಅಂಕಿಗಳನ್ನು ಹಿಂದಿನ 28 ದಿನಕ್ಕೆ ಹೋಲಿಸಿ. ಕೊಳೆರೋಗದಂಥ ವಿಷಯವನ್ನು ಮಾತ್ರ ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸಬೇಕು. ಮಳೆಗಾಲ ಮುಗಿದ ಮೇಲೆ ಹುಡುಕುವವರೇ ಕಡಿಮೆ. ವರದಿಯಲ್ಲಿ 16 ತಿಂಗಳ ಮಾಹಿತಿ ಉಳಿಯುತ್ತದೆ.