ಬಾಗಿಲಲ್ಲೇ ನಿಂತುಬಿಡುವ ಅಪ್ಪ

ಪ್ರಶ್ನೆ: ಅಪ್ಪನಿಗೆ ಪಾರ್ಕಿನ್ಸನ್ ಕಾಯಿಲೆ. ನಡೆದು ಬಂದವರು ಬಾಗಿಲ ಹತ್ತಿರ ಹೆಜ್ಜೆ ಕಿತ್ತಿಡಲಾಗದೆ ನಿಂತುಬಿಡುತ್ತಾರೆ. ಕೈಹಿಡಿದು ಎಳೆದರೆ ಬೀಳುವ ಹಾಗಾಗುತ್ತದೆ. ಏನು ಮಾಡಲಿ?

ಉತ್ತರ: ದಯವಿಟ್ಟು ಎಳೆಯಬೇಡಿ. ನನ್ನ ಅಮ್ಮನಿಗೂ ಹೀಗೇ ಆಗುತ್ತಿತ್ತು. ಮೊದಮೊದಲು ನಾನೂ ಎಳೆದಿದ್ದೆ. ಕಾಲು ಅಲ್ಲೇ ಉಳಿದು ಮೈ ಮಾತ್ರ ಮುಂದೆ ಬಂತು. ನಿಮ್ಮ ಅಪ್ಪ ಹಟ ಮಾಡುತ್ತಿಲ್ಲ. ಪಾದ ನೆಲಕ್ಕೆ ಅಂಟಿಕೊಂಡ ಹಾಗಾಗುತ್ತದೆ. ಇಕ್ಕಟ್ಟಾದ ಜಾಗದಲ್ಲಿ, ತಿರುಗುವಾಗ, ಅವಸರ ಮಾಡಿದಾಗ ಇದು ಜಾಸ್ತಿ.

ಪಕ್ಕದಲ್ಲಿ ನಿಂತು ‘ಉಸಿರು ತಗೊಳ್ಳಿ ಅಪ್ಪ, ಅವಸರ ಇಲ್ಲ’ ಅನ್ನಿ. ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ನಿಧಾನವಾಗಿ ಬದಲಿಸಲಿ. ಆಮೇಲೆ ‘ಒಂದು, ಎರಡು’ ಎಣಿಸಿ ಒಂದು ದೊಡ್ಡ ಹೆಜ್ಜೆ. ನಾನು ಬಾಗಿಲ ಮುಂದೆ ನೆಲದ ಮೇಲೆ ಬಣ್ಣದ ಟೇಪಿನ ಅಡ್ಡಗೆರೆಗಳನ್ನು ಅಂಟಿಸಿದ್ದೆ. ಅಮ್ಮ ಒಂದೊಂದೇ ಗೆರೆ ನೋಡಿ ದಾಟುತ್ತಿದ್ದಳು. ಮೊದಲ ಸಲ ದಾಟಿ ನನ್ನ ಕಡೆ ತಿರುಗಿ ನೋಡಿದಳಲ್ಲ, ಆ ಮುಖ ಇನ್ನೂ ಕಣ್ಣಲ್ಲಿದೆ.

ಮಾತ್ರೆಯ ಹೊತ್ತು ಮಾತ್ರ ತಪ್ಪಿಸಬೇಡಿ. ಯಾವಾಗ ನಿಲ್ಲುತ್ತಾರೆ, ಮಾತ್ರೆ ಕೊಟ್ಟು ಎಷ್ಟು ಹೊತ್ತಾಗಿತ್ತು ಅಂತ ಒಂದು ವಾರ ಬರೆದಿಡಿ. ಮಾತ್ರೆಯ ಪ್ರಭಾವ ಇಳಿಯುವ ಹೊತ್ತಿಗೇ ಹೀಗಾಗುತ್ತಿದ್ದರೆ ವೈದ್ಯರು ಸಮಯ ಬದಲಿಸಬಹುದು. ನೀವಾಗಿ ಬದಲಿಸಬೇಡಿ.