ಸಿಸ್ಟರ್ ಹತ್ತಿರ ಕೇಳಿ: ನಮ್ಮೂರ ದವಾಖಾನೆಯ ಕಥೆ

ಹೋದ ಸಂಚಿಕೆಯಲ್ಲಿ ನಾನು ಕೆಲಸ ಮಾಡಿದ ಹಳ್ಳಿ ಆಸ್ಪತ್ರೆಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರಬಹುದು ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಹೊಸ ಓದುಗರಿಗೆ ಹೇಳುವುದಾದರೆ, ನಾನು ಕುಮಟಾ ತಾಲೂಕಿನ ಒಳಗೆ, ಅಘನಾಶಿನಿ ಹೊಳೆ ಹತ್ತಿರದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ 1984ರಲ್ಲಿ ನರ್ಸ್ ಆಗಿ ಸೇರಿದವಳು. ನಡುವೆ ಎರಡು ಸಲ ವರ್ಗವಾಗಿದ್ದು ಬಿಟ್ಟರೆ 2019ರವರೆಗೂ ಅಲ್ಲೇ ಇದ್ದೆ.

ಪ್ರಶ್ನೆ: ನಮ್ಮೂರ ಆಸ್ಪತ್ರೆಯ ಇತಿಹಾಸ ಬರೆಯಲು ಕಾಲೇಜಿನಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಗೋಡೆಯ ಕಲ್ಲಿನಲ್ಲಿ ಉದ್ಘಾಟನೆಯ ತಾರೀಖು ಬಿಟ್ಟರೆ ಏನೂ ಸಿಗುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?
– ಬಿ.ಎ. ವಿದ್ಯಾರ್ಥಿನಿ, ಶಿರಸಿ

ತಂಗಿ, ಕಲ್ಲಿನ ಮೇಲಿರುವುದು ಈಗಿನ ಕಟ್ಟಡದ ತಾರೀಖು. ಅದಕ್ಕಿಂತ ಮೊದಲು ಯಾರದೋ ಮನೆಯ ಜಗಲಿಯಲ್ಲೋ ಬಾಡಿಗೆ ಕೋಣೆಯಲ್ಲೋ ಔಷಧಿ ಕೊಡುತ್ತಿದ್ದಿರಬಹುದು. ಊರಿನಲ್ಲಿ ಎಂಬತ್ತು ದಾಟಿದವರು ಇದ್ದರೆ ಅವರ ಹತ್ತಿರ "ಆಸ್ಪತ್ರೆ ಯಾವಾಗ ಬಂತು" ಅಂತ ಕೇಳಬೇಡ. "ಮೊದಲು ದವಾಖಾನೆ ಎಲ್ಲಿತ್ತು" ಅಂತ ಕೇಳು. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರವರೆಗೆ ಮುಂಬೈ ಆಡಳಿತದಲ್ಲಿತ್ತಲ್ಲ, ಆಗಿನ ಮಾತು ಅದು. ಲೋಕಲ್ ಬೋರ್ಡ್ ದವಾಖಾನೆ ಅನ್ನುತ್ತಿದ್ದರು. ಆ ಒಂದು ಪದ ಕಿವಿಗೆ ಬಿದ್ದರೆ ಸಾಕು, ಅಜ್ಜಂದಿರ ಮುಖವೇ ಬದಲಾಗುತ್ತದೆ.

ನನಗೆ ಈ ಕಥೆ ಹೇಳಿದವರು ನಮ್ಮ ಕಂಪೌಂಡರ್. ನಾನು ಸೇರಿದಾಗ ಅವರ ನಿವೃತ್ತಿಗೆ ಒಂದೂವರೆ ವರ್ಷ ಬಾಕಿ ಇತ್ತು. ಹದಿನೆಂಟರ ಹುಡುಗನಾಗಿದ್ದಾಗ ಅವರು ಬೆನ್ನ ಮೇಲೆ ಪಂಪ್ ಹೊತ್ತು ಮನೆಮನೆಗೆ ಡಿಡಿಟಿ ಹೊಡೆಯುವ ಕೂಲಿಗೆ ಸೇರಿದ್ದರಂತೆ. ಇದು ಸಣ್ಣ ವಿಷಯ ಅಲ್ಲ. 1946ರಲ್ಲಿ ಮುಂಬೈ ಪ್ರಾಂತ್ಯದ ಕೆನರಾ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಡಾ. ಡಿ.ಕೆ. ವಿಶ್ವನಾಥನ್ ಅವರ ಮುಂದಾಳುತನದಲ್ಲಿ ಈ ಕೆಲಸ ಶುರುವಾಯಿತು. ದೇಶಕ್ಕೆಲ್ಲ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂದಿದ್ದು 1953ರಲ್ಲಿ. ಕೆನರಾ ಅಂದರೆ ನಮ್ಮದೇ ಜಿಲ್ಲೆ. ಇಲ್ಲಿ ಅದಕ್ಕಿಂತ ಏಳು ವರ್ಷ ಮೊದಲೇ ಗೋಡೆಗೆ ಔಷಧಿ ಬಿದ್ದಿತ್ತು.

ಗೋಡೆಗೆ ಯಾಕೆ ಅಂದರೆ, ನಮ್ಮ ಕಡೆಯ ಮಲೇರಿಯಾ ಸೊಳ್ಳೆ ಹುಟ್ಟುವುದು ಹರಿಯುವ ತಿಳಿನೀರಿನ ಅಂಚಿನಲ್ಲಿ. ಘಟ್ಟದ ಹಳ್ಳಗಳನ್ನೆಲ್ಲ ಮುಚ್ಚಲಿಕ್ಕೆ ಆಗುತ್ತದಾ? ರಕ್ತ ಕುಡಿದು ಭಾರವಾದ ಸೊಳ್ಳೆ ಹತ್ತಿರದ ಗೋಡೆಗೆ ಹೋಗಿ ಕೂರುತ್ತದೆ. ಆ ಗೋಡೆಯಲ್ಲೇ ಔಷಧಿ ಇದ್ದರೆ ಅಲ್ಲೇ ಸಾಯುತ್ತದೆ. ಇದನ್ನು ಹೇಳಿ ಜನರನ್ನು ಒಪ್ಪಿಸುವುದು ಪಂಪ್ ಹೊರುವುದಕ್ಕಿಂತ ಕಷ್ಟ ಆಗಿತ್ತು ಅನ್ನುತ್ತಿದ್ದರು. ದೇವರ ಕೋಣೆಗೆ ಹೊಡೆಯಲು ಯಾರೂ ಬಿಡುತ್ತಿರಲಿಲ್ಲವಂತೆ. ಕೊನೆಗೆ ಒಬ್ಬ ಮುದುಕಿ, "ದೇವರಿಗೂ ಚಳಿಜ್ವರ ಬರೂದು ಬ್ಯಾಡ, ಹೊಡಿ" ಅಂದಳಂತೆ. ಅಲ್ಲಿಂದ ಆ ಕೇರಿಯಲ್ಲಿ ಅಡ್ಡಿ ಆಗಲಿಲ್ಲ.

ಆಮೇಲೆ ಅವರು ದವಾಖಾನೆ ಸೇರಿ ಕಂಪೌಂಡರ್ ಆದರು. ಬಾಟಲಿ ಮನೆಯಿಂದಲೇ ತರಬೇಕಿತ್ತು. ತೊಳೆದ ಬಾಟಲಿಗೆ ಮಿಕ್ಸ್ಚರ್ ತುಂಬಿ, ಹಳೆಯ ಕಾಗದವನ್ನು ಉದ್ದಕ್ಕೆ ಮಡಚಿ, ಅಂಚಿನಲ್ಲಿ ಕತ್ತರಿಯಿಂದ ಕಚ್ಚು ಹಾಕಿ, ಮೈದಾ ಅಂಟಿನಿಂದ ಬಾಟಲಿಗೆ ಅಂಟಿಸುತ್ತಿದ್ದರು. ಒಂದು ಕಚ್ಚಿಗೆ ಒಂದು ಹೊತ್ತು. ಓದಲು ಬಾರದವರೂ ತಪ್ಪದೆ ಔಷಧಿ ಕುಡಿಯುತ್ತಿದ್ದರು. ನಾನು ಬರುವಷ್ಟರಲ್ಲಿ ಮಾತ್ರೆಗಳ ಕಾಲ. ಆದರೂ ಅವರು ಆ ಕತ್ತರಿಯನ್ನು ಮೇಜಿನ ಡ್ರಾಯರ್‌ನಲ್ಲೇ ಇಟ್ಟುಕೊಂಡಿದ್ದರು.

ದೊಡ್ಡ ಇತಿಹಾಸವನ್ನು ಎರಡೇ ಸಾಲಿನಲ್ಲಿ ಬರೆದುಬಿಡು. 1946ರಲ್ಲಿ, ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕು ಅಂತ ನೋಡಲು ಸರ್ಕಾರ ನೇಮಿಸಿದ್ದ ಭೋರ್ ಸಮಿತಿ ಹಳ್ಳಿಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕು ಅಂದಿತು. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆಯ ಜೊತೆ ಅವು ಶುರುವಾದವು. ಬಯಲುಸೀಮೆಯಲ್ಲಿ 30,000 ಜನರಿಗೆ ಒಂದು, ನಮ್ಮಂಥ ಗುಡ್ಡಗಾಡಿನಲ್ಲಿ 20,000ಕ್ಕೆ ಒಂದು ಅನ್ನುವ ಲೆಕ್ಕ ಆಮೇಲೆ ಬಂತು. ಇದೆಲ್ಲ ಎಲ್ಲ ಊರಿಗೂ ಒಂದೇ. ನಿನ್ನ ಊರಿನದೇ ಕಥೆ ಬೇಕಾದರೆ ಹಳೆಯ ಹೆರಿಗೆ ರಿಜಿಸ್ಟರ್ ನೋಡು. ವೈದ್ಯಾಧಿಕಾರಿಗಳ ಅನುಮತಿ ತಗೊಂಡೇ ನೋಡು, ಯಾರ ಹೆಸರನ್ನೂ ಬರೆದುಕೊಳ್ಳಬೇಡ. ವರ್ಷ, ತಿಂಗಳು, ಯಾವ ಮಜರೆ, ಇಷ್ಟು ಸಾಕು. ನಮ್ಮ ರಿಜಿಸ್ಟರ್‌ನಲ್ಲಿ ಹೊಳೆಯಾಚೆಯ ಒಂದು ಮಜರೆಯ ಹೆಸರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇರುತ್ತಲೇ ಇರಲಿಲ್ಲ. ಮಳೆಗಾಲದಲ್ಲಿ ಅಲ್ಲಿ ಮಕ್ಕಳು ಹುಟ್ಟುತ್ತಿರಲಿಲ್ಲ ಅಂತಲ್ಲ. ದೋಣಿ ಹಾಕಲು ಆಗುತ್ತಿರಲಿಲ್ಲ. ಸೂಲಗಿತ್ತಿಯೇ ಗತಿ, ಅವಳ ಕೈ ಮೀರಿದರೆ ದೇವರೇ ಗತಿ. ಕಾಲುಸಂಕ ಆದ ಮರುವರ್ಷ ಜುಲೈ ತಿಂಗಳ ಪುಟದಲ್ಲಿ ಆ ಮಜರೆಯ ಹೆಸರನ್ನು ನಾನೇ ಮೊದಲ ಸಲ ಬರೆದೆ. ಹೆಣ್ಣುಮಗು, ಎರಡು ಕಿಲೋ ಎಂಟುನೂರು ಗ್ರಾಂ.

ಪ್ರಶ್ನೆ: ನಮ್ಮೂರ ಆಸ್ಪತ್ರೆಯಲ್ಲಿ ಏನು ಕೇಳಿದರೂ ಮಾತ್ರೆ ಕೊಟ್ಟು "ದೊಡ್ಡ ಆಸ್ಪತ್ರೆಗೆ ಹೋಗಿ" ಅನ್ನುತ್ತಾರೆ. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಎಲ್ಲರೂ ಕೂಗುತ್ತಿರುವಾಗ ಈ ಚಿಕ್ಕ ಆಸ್ಪತ್ರೆಗಳು ಯಾಕೆ ಬೇಕು?
– ಅಂಕೋಲಾ ಮೂಲದ ಓದುಗರು, ಬೆಂಗಳೂರು

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. 2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರದ ಕಡೆ ಹೊರಟ ಆಂಬುಲೆನ್ಸ್ ಶಿರೂರು ಟೋಲ್ ಹತ್ತಿರ ಮಗುಚಿ, ರೋಗಿಯೂ ಸೇರಿ ನಾಲ್ವರು ಹೋದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ದಾರಿಯಲ್ಲಿ ಎಷ್ಟು ಜನರನ್ನು ನಾನೇ ಕಳಿಸಿದ್ದೇನೆ! ಕಾರವಾರದಲ್ಲಿ 2016ರಿಂದ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಆದರೂ ತಲೆಗೆ ಪೆಟ್ಟು, ಹೃದಯದ ತೊಂದರೆ ಅಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಓಡುವುದು ತಪ್ಪಿಲ್ಲ. ದೊಡ್ಡ ಆಸ್ಪತ್ರೆ ಬೇಕೇ ಬೇಕು. ನಾನೂ ಆ ಕೂಗಿನಲ್ಲಿ ಇದ್ದೇನೆ.

ಆದರೆ ಒಂದು ರಾತ್ರಿಯ ವಿಷಯ ಹೇಳುತ್ತೇನೆ, ಕೇಳಿ.

ನವೆಂಬರ್, ಗದ್ದೆ ಕೊಯ್ಲಿನ ದಿನಗಳು. ರಾತ್ರಿ ಹತ್ತರ ಹೊತ್ತಿಗೆ ಬೈಕಿನಲ್ಲಿ ಇಬ್ಬರ ನಡುವೆ ಒಬ್ಬ ಹಾಲಕ್ಕಿ ಹೆಂಗಸನ್ನು ಕೂರಿಸಿಕೊಂಡು ಬಂದರು. ವಯಸ್ಸು ನಲವತ್ತರ ಹತ್ತಿರ. ಹುಲ್ಲಿನ ಕಂತೆ ಎತ್ತುವಾಗ ಕಾಲಿಗೆ ಹಾವು ಕಚ್ಚಿತ್ತು. "ಎಂತ ಹಾವು, ಕಂಡ್ರಾ?" ಅಂದೆ. "ಕತ್ತಲಲ್ಲಿ ಎಂತ ಕಾಣ್ತದೆ ಸಿಸ್ಟರ್" ಅಂದ ಅವಳ ಗಂಡ. ಮೀನಗಂಡದ ಮೇಲೆ ಹಗ್ಗ ಬಿಗಿದಿದ್ದರು. ಡಾಕ್ಟರು ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸ್‌ನಲ್ಲೇ ಇದ್ದರು, ಲುಂಗಿಯಲ್ಲೇ ಓಡಿಬಂದರು.

ಯಾವ ಹಾವು ಅಂತ ಗೊತ್ತಿಲ್ಲದಿದ್ದರೆ ಏನು ಮಾಡುವುದು? ಅದಕ್ಕೆ ಒಂದು ಗಾಜಿನ ನಳಿಕೆ ಸಾಕು. ನಾನು ಮೂರು ನಳಿಕೆಗಳನ್ನು ಹತ್ತಿ ಸುತ್ತಿ ಒಂದು ಬೋರ್ನ್‌ವಿಟಾ ಡಬ್ಬಿಯಲ್ಲಿ ಬೇರೆಯೇ ಇಟ್ಟಿದ್ದೆ. ಯಾರೂ ಮುಟ್ಟುವಂತಿರಲಿಲ್ಲ. ಅದಕ್ಕೆ ಸೋಪು ತಾಗಿದ್ದರೆ ಪರೀಕ್ಷೆ ತಪ್ಪಾಗುತ್ತದೆ, ಪ್ಲಾಸ್ಟಿಕ್ ನಳಿಕೆಯೂ ಆಗುವುದಿಲ್ಲ. ಎರಡು ಮಿಲಿ ರಕ್ತ ತೆಗೆದು ಅದರಲ್ಲಿ ಹಾಕಿ, ಅಲುಗಾಡಿಸದೆ 20 ನಿಮಿಷ ಇಡಬೇಕು. ಆಮೇಲೆ ನಿಧಾನ ಓರೆ ಮಾಡಿ ನೋಡಬೇಕು. ಸರಿ ಇರುವ ರಕ್ತ ಅಷ್ಟರಲ್ಲಿ ಹೆಪ್ಪುಗಟ್ಟಿ ನಳಿಕೆಯ ತಳಕ್ಕೆ ಹಿಡಿದುಕೊಂಡಿರುತ್ತದೆ. ಆ ರಾತ್ರಿ ಗೋಡೆ ಗಡಿಯಾರ ನೋಡುತ್ತಾ ನಿಂತೆ. ಅವಳ ಗಂಡನೂ ಅದನ್ನೇ ನೋಡುತ್ತಿದ್ದ. ಇಪ್ಪತ್ತಾಯಿತು. ಓರೆ ಮಾಡಿದೆ. ರಕ್ತ ನೀರಿನ ಹಾಗೆ ಜಾರಿ ನಳಿಕೆಯ ಬಾಯಿಗೆ ಬಂತು.

ಅಂದರೆ ರಕ್ತ ಹೆಪ್ಪುಗಟ್ಟಲು ಬಿಡದ ಮಂಡಲದ ಹಾವಿನ ವಿಷ. ಡಾಕ್ಟರು ಕೂಡಲೇ ವಿಷಕ್ಕೆ ಮದ್ದು ಶುರು ಮಾಡಿದರು. ಹತ್ತು ವಯಲ್. ಅದು ಪುಡಿಯ ರೂಪದಲ್ಲಿರುತ್ತದೆ. ನೀರು ಹಾಕಿ ಅಂಗೈಯಲ್ಲಿ ಮೆಲ್ಲಗೆ ತಿರುಗಿಸಿ ಕರಗಿಸಬೇಕು, ಜೋರಾಗಿ ಕುಲುಕಿದರೆ ನೊರೆ ಬರುತ್ತದೆ. ಹತ್ತು ಬಾಟಲಿಯನ್ನೂ ಹಾಗೆ ತಿರುಗಿಸಿದ್ದು ನನ್ನ ಕೈಗೆ ಇವತ್ತಿಗೂ ನೆನಪಿದೆ. ಡ್ರಿಪ್ ಓಡಿತು, ಕಾಲಿನ ಹಗ್ಗವನ್ನು ಡಾಕ್ಟರು ನೋಡಿಕೊಂಡು ಬಿಚ್ಚಿದರು. ಆಮೇಲೆ 108 ಬಂತು, ನಾನೂ ಜೊತೆಗೆ ಹೋದೆ. ದೊಡ್ಡ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದು ಅವಳು ಮನೆಗೆ ಬಂದಳು. ಮುಂದಿನ ವಾರ ನಮ್ಮ ಬಾಗಿಲಿಗೆ ಬಂದು ಒಂದು ಬುಟ್ಟಿ ಬಸಳೆ ಇಟ್ಟು ಹೋದಳು.

ಅವಳನ್ನು ಗುಣಪಡಿಸಿದ್ದು ದೊಡ್ಡ ಆಸ್ಪತ್ರೆ, ಅದನ್ನು ಒಪ್ಪುತ್ತೇನೆ. ಆದರೆ ನೂರಕ್ಕೂ ಹೆಚ್ಚು ಕಿಲೋಮೀಟರ್ ದಾರಿಗೆ ಹೊರಡುವ ಮೊದಲು ಮದ್ದು ಮೈಗೆ ಹೋಗಿದ್ದು ಊರ ಆಸ್ಪತ್ರೆಯಲ್ಲಿ. ನಮ್ಮಲ್ಲಿ ಸಿಗುವ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಘಟ್ಟದ ಗುಳಿಮಂಡಲಗಳಿಗೆ ಅದು ನಾಟುವುದಿಲ್ಲ. ಅದನ್ನು ಗುರುತಿಸಿ ಸುಮ್ನೆ ಮದ್ದು ಹಾಕದೆ ಮುಂದೆ ಕಳಿಸುವುದೂ ಕೆಲಸವೇ. ಅಡಿಕೆ ಕೊನೆ ಕೊಯ್ಯುವಾಗ ಮರದಿಂದ ಬಿದ್ದ ಕೊನೆಗೌಡನ ಕುತ್ತಿಗೆ ಅಲುಗದ ಹಾಗೆ ಎರಡೂ ಕಡೆ ಮರಳಿನ ಚೀಲ ಇಟ್ಟು ಕಳಿಸುವುದೂ ಅಷ್ಟೇ. "ದೊಡ್ಡ ಆಸ್ಪತ್ರೆಗೆ ಹೋಗಿ" ಅನ್ನುವ ಮಾತಿನ ಹಿಂದೆ ಇಷ್ಟು ಕೆಲಸ ಆಗಿರಬೇಕು. ಆಗದಿದ್ದರೆ ನೀವು ಸಿಟ್ಟಾಗುವುದು ನ್ಯಾಯ.

ನನಗೂ ಒಂದು ಸಂಕಟ ಇದೆ. ಆ ಡಾಕ್ಟರು ವರ್ಗವಾಗಿ ಹೋದ ಮೇಲೆ ಕ್ವಾರ್ಟರ್ಸ್‌ಗೆ ಬೀಗ ಬಿತ್ತು. ನಂತರ ಬಂದವರು ಪೇಟೆಯಲ್ಲಿ ಉಳಿದು ಹತ್ತೂವರೆ ಬಸ್ಸಿಗೆ ಬರುತ್ತಿದ್ದರು, ನಾಲ್ಕರ ಬಸ್ಸಿಗೆ ಹೋಗುತ್ತಿದ್ದರು. ಅವರ ಮಕ್ಕಳ ಶಾಲೆ ಪೇಟೆಯಲ್ಲಿತ್ತು, ಕ್ವಾರ್ಟರ್ಸ್‌ನ ಹಂಚು ಸೋರುತ್ತಿತ್ತು. ಅವರನ್ನೇ ಹಳಿದು ಪ್ರಯೋಜನ ಇಲ್ಲ. ಆದರೆ ಹಾವು ಹತ್ತೂವರೆಯಿಂದ ನಾಲ್ಕರೊಳಗೇ ಕಚ್ಚುತ್ತದಾ? ಮದ್ದು ಅದೇ ಇತ್ತು, ಫ್ರಿಜ್ ಅದೇ ಇತ್ತು. ಅದನ್ನು ಹಾಕುವವರು ರಾತ್ರಿ ಇರಲಿಲ್ಲ. ಹಾಗಾಗಿ ನಿಮ್ಮೂರ ಗ್ರಾಮಸಭೆಯಲ್ಲಿ ಹೊಸ ಕಟ್ಟಡ ಕೇಳುವ ಮೊದಲು, "ರಾತ್ರಿ ಇಲ್ಲಿ ಯಾರು ಉಳಿಯುತ್ತಾರೆ" ಅಂತ ಕೇಳಿ. ಉಳಿಯುವವರ ಮನೆಯ ಹಂಚು ಸೋರದ ಹಾಗೆ ನೋಡಿಕೊಳ್ಳಿ ಅಂತಲೂ ಕೇಳಿ.

ಪ್ರಶ್ನೆ: ನಮ್ಮ ಉಪಕೇಂದ್ರಕ್ಕೆ ಈಗ ಬೇರೆ ಬೋರ್ಡ್ ಹಾಕಿದ್ದಾರೆ, ಆಯುಷ್ಮಾನ್ ಆರೋಗ್ಯ ಮಂದಿರ ಅಂತ. ಇದು ಬೇರೆ ಆಸ್ಪತ್ರೆಯಾ?
– ಓದುಗರು, ಯಲ್ಲಾಪುರ

ಅಲ್ಲ, ಅದೇ. ಹೆಸರು ಬದಲಾಗಿದೆ ಅಷ್ಟೇ. ಬಿಪಿ, ಶುಗರ್ ನೋಡಿಸಿಕೊಳ್ಳಲು ಪೇಟೆಗೆ ಹೋಗಬೇಡಿ, ಅಲ್ಲೇ ಹೋಗಿ.

ಪ್ರಶ್ನೆ: ನಮ್ಮ ಸೊಪ್ಪಿನ ಬೆಟ್ಟದಲ್ಲಿ ಒಂದು ಮಂಗ ಸತ್ತುಬಿದ್ದಿದೆ. ಮಂಗನ ಕಾಯಿಲೆಗೆ ಮದ್ದೇ ಇಲ್ಲ ಅನ್ನುತ್ತಾರೆ. ಹಾಗಾದರೆ ಆಸ್ಪತ್ರೆಗೆ ಹೇಳಿ ಏನು ಪ್ರಯೋಜನ?
– ಕೃಷಿಕರು, ಸಿದ್ದಾಪುರ

ಈ ಪತ್ರ ನಿಮ್ಮ ಕೈ ಸೇರುವ ಮೊದಲೇ ನೀವು ಹೇಳಿರುತ್ತೀರಿ ಅಂತ ನಂಬಿದ್ದೇನೆ. ಸತ್ತ ಮಂಗವನ್ನು ಮುಟ್ಟಬೇಡಿ, ಹತ್ತಿರವೂ ಹೋಗಬೇಡಿ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗು ಕೆಳಗೆ ಉದುರಿ ಅಲ್ಲೇ ತರಗೆಲೆಯಲ್ಲಿ ಇರುತ್ತದೆ. ರೋಗ ಅಂಟಿಸುವುದು ಅದು. ನೀವು ಒಂದು ಫೋನ್ ಮಾಡಿದರೆ ಆ ಜಾಗಕ್ಕೆ ಔಷಧಿ ಹೊಡೆಯುತ್ತಾರೆ, ಸುತ್ತಲಿನ ಮನೆಗಳಲ್ಲಿ ಜ್ವರ ಇದೆಯಾ ಅಂತ ಆಶಾ ಕಾರ್ಯಕರ್ತೆ ವಿಚಾರಿಸುತ್ತಾಳೆ.

1957ರಲ್ಲಿ ನಿಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಇದು ಪತ್ತೆಯಾಯಿತು. ಆಗಲೂ ಮೊದಲು ಸತ್ತಿದ್ದು ಮಂಗಗಳೇ. ಈ ವೈರಸ್ಸನ್ನೇ ಕೊಲ್ಲುವ ಮಾತ್ರೆ ಇಲ್ಲ, ನಿಜ. ಹಳೆಯ ಲಸಿಕೆಯನ್ನೂ ಈಗ ಕೊಡುತ್ತಿಲ್ಲ. ಆದರೆ ಬೇಗ ಗೊತ್ತಾದರೆ ಡ್ರಿಪ್ ಹಾಕಿ, ರಕ್ತದ ಪ್ಲೇಟ್‌ಲೆಟ್ ನೋಡಿಕೊಂಡು ಜೀವ ಉಳಿಸಬಹುದು. ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ ಎಚ್ಚರ ಇರಲಿ. ದರಕು, ಅಂದರೆ ತರಗೆಲೆ ತರಲು ಹೋಗುವಾಗ ಉಣುಗು ಹತ್ತದ ಹಾಗೆ ಆಸ್ಪತ್ರೆಯಲ್ಲಿ ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರು, ಸೋಪು ಹಾಕಿ ಸ್ನಾನ ಮಾಡಿ. ಜ್ವರ, ವಿಪರೀತ ತಲೆನೋವು, ಸೊಂಟನೋವು ಬಂದರೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ಕೆಲವು ಮಾತ್ರೆಗಳಿಂದ ರಕ್ತಸ್ರಾವ ಹೆಚ್ಚುತ್ತದೆ. ಜ್ವರ ಬಿಟ್ಟು ವಾರ, ಹದಿನೈದು ದಿನದ ಮೇಲೆ ಮತ್ತೆ ಬಂದರೂ ಆಸ್ಪತ್ರೆಗೆ ಹೋಗಿ, ಬೆಟ್ಟಕ್ಕೆ ಹೋಗಿದ್ದೆ ಅಂತ ಹೇಳಿ.

ಪ್ರಶ್ನೆ: ನಮ್ಮಮ್ಮ ಹೋದ ವರ್ಷ ತೀರಿಕೊಂಡರು. ನಮ್ಮ ಮೂವರನ್ನೂ ಅವರು ಹೆತ್ತಿದ್ದು ಊರ ಸರ್ಕಾರಿ ಆಸ್ಪತ್ರೆಯಲ್ಲೇ. ಅವರ ನೆನಪಿಗೆ ಅಲ್ಲಿಗೆ ಏನಾದರೂ ಕೊಡಬೇಕು. ಏನು ಕೊಟ್ಟರೆ ಒಳ್ಳೆಯದು?
– ಓದುಗರು, ಹೊನ್ನಾವರ

ಪತ್ರ ಓದಿ ಮನಸ್ಸು ತುಂಬಿಬಂತು. ಪ್ರತಿ ಆಸ್ಪತ್ರೆಗೂ ಆರೋಗ್ಯ ರಕ್ಷಾ ಸಮಿತಿ ಅಂತ ಇರುತ್ತದೆ, ಕೊಡುವುದನ್ನು ಅದರ ಮೂಲಕವೇ ಕೊಡಿ, ರಸೀದಿ ತಗೊಳ್ಳಿ. ಏನು ಕೊಡಬೇಕು ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡಬೇಡಿ. ನಮ್ಮಲ್ಲಿ ಒಬ್ಬರು ಹೆರಿಗೆ ಕೋಣೆಗೆ ಇನ್ವರ್ಟರ್ ಕೊಟ್ಟಿದ್ದರು. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇಲ್ಲದಾಗ ಟಾರ್ಚ್ ಹಿಡಿದು ಹೆರಿಗೆ ಮಾಡಿಸಿದವಳು ನಾನು, ಅದರ ಬೆಲೆ ನನಗೆ ಗೊತ್ತು. ಆದರೆ ಎರಡನೇ ವರ್ಷ ಬ್ಯಾಟರಿಗೆ ನೀರು ಹಾಕಲು ದುಡ್ಡು ಯಾರದು ಅಂತಲೇ ತೀರ್ಮಾನ ಆಗಲಿಲ್ಲ. ಅದು ಮೂಲೆ ಸೇರಿತು. ಹಾಗಾಗಿ ವಸ್ತುವಿನ ಜೊತೆ ಅದರ ರಿಪೇರಿಗೂ ಸ್ವಲ್ಪ ತೆಗೆದಿಡಿ.

ಕೊಡುವ ಮೊದಲು ಒಂದು ಗುರುವಾರ ಹೋಗಿ. ಅವತ್ತು ಲಸಿಕೆ ದಿನ, ಬಾಣಂತಿಯರು ಮಕ್ಕಳನ್ನು ಎತ್ತಿಕೊಂಡು ಬಂದಿರುತ್ತಾರೆ. ಅವರು ಎಲ್ಲಿ ಕೂತು ಕಾಯುತ್ತಾರೆ, ಮಗುವಿಗೆ ಎಲ್ಲಿ ಹಾಲು ಕುಡಿಸುತ್ತಾರೆ, ನೀರು ಎಲ್ಲಿಂದ ತರುತ್ತಾರೆ ನೋಡಿ. ಆಮೇಲೆ ಅಲ್ಲಿಯ ಸಿಸ್ಟರ್ ಹತ್ತಿರ ಹತ್ತು ನಿಮಿಷ ಕೂತು ಮಾತಾಡಿ. ನಿಮ್ಮ ಅಮ್ಮನ ಹೆರಿಗೆ ಮಾಡಿಸಿದವರು ಯಾರು ಅಂತಲೂ ಕೇಳಿ. ಅವರು ಹತ್ತಿರದ ಊರಿನಲ್ಲಿ ಇನ್ನೂ ಇರಬಹುದು.