ಹರಕೆ ತೀರಿಸಲು ಮನಸ್ಸು ಹಗುರಾಗುವವರೆಗೆ ಕಾಯಬೇಕೆ?

ಪ್ರಶ್ನೆ: ಯಜಮಾನರ ಕೆಲಸ ಹೋಗಿ, ಮನೆಸಾಲದ ಕಂತು ಕಟ್ಟಲಾಗದೆ ಎರಡು ವರ್ಷ ಒದ್ದಾಡಿದೆವು. ಕೆಲಸ ಸಿಕ್ಕರೆ ಸತ್ಯನಾರಾಯಣ ಪೂಜೆ ಮಾಡಿಸುತ್ತೇನೆಂದು ಹರಕೆ ಹೊತ್ತಿದ್ದೆ. ಈಗ ಸಿಕ್ಕಿದೆ, ಆದರೆ ಸಂತೋಷವೇ ಆಗುತ್ತಿಲ್ಲ. ಮತ್ತೇನಾಗುತ್ತದೋ ಎಂಬ ಭಯ. ಕೈಸಾಲ ಇನ್ನೂ ಇದೆ. ನೆಂಟರು ಹಾಲ್ ಹಿಡಿದು ಜೋರಾಗಿ ಮಾಡಿ ಎನ್ನುತ್ತಾರೆ. ಸಾಲ ತೀರಿದ ಮೇಲೆ ಮಾಡಬಹುದೆ?
— ಓದುಗರೊಬ್ಬರು, ಡೊಂಬಿವಲಿ (ಮುಂಬಯಿ ಬಳಿ)

ಉತ್ತರ: ಮುಂದಕ್ಕೆ ಹಾಕಬೇಡಿ ಅಮ್ಮಾ, ಹಾಲ್ ಕೂಡ ಬೇಡ. ನೀವು ಓದಿಸಲಿರುವ ಕಥೆಯಲ್ಲೇ ಉತ್ತರವಿದೆ. ಸಾಧು ಎಂಬ ವರ್ತಕ ಮಗು ಹುಟ್ಟಿದರೆ ಪೂಜೆ ಎಂದ. ಹುಟ್ಟಿದ ಮೇಲೆ ಮಗಳ ಮದುವೆಗಾಗಲಿ ಎಂದ. ಮದುವೆಯಾದ ಮೇಲೆ ಮರೆತೇಬಿಟ್ಟ. ಕಟ್ಟಿಗೆ ಮಾರುವವನಾದರೋ ಸೌದೆ ಮಾರಿ ಬಂದ ಆ ದಿನದ ದುಡ್ಡಿನಲ್ಲೇ ಪೂಜೆ ಮುಗಿಸಿದ. ನಿಮ್ಮ ದಾರಿ ಅವನದು. ಸಂಬಳದಲ್ಲಿ ಕಂತು, ರೇಷನ್, ಸಾಲದ ಪಾಲು ಕಳೆದು ಉಳಿದದ್ದರಲ್ಲಿ ಆಗುವಷ್ಟೇ ಮಾಡಿ. ಹರಕೆಗೆಂದು ಹೊಸ ಸಾಲ ಮಾಡಿದರೆ ಮಂಗಳಾರತಿಯ ಹೊತ್ತಿಗೂ ಬಡ್ಡಿಯೇ ನೆನಪಾಗುತ್ತದೆ.

ಹುಣ್ಣಿಮೆಗೇ ಕಾಯಬೇಕಿಲ್ಲ, ಭಕ್ತಿಯಿಂದ ಯಾವ ದಿನವಾದರೂ ಸಂಜೆ ಮಾಡಬಹುದೆಂದು ಕಥೆಯೇ ಹೇಳುತ್ತದೆ. ಯಜಮಾನರಿಗೆ ಹೊಸ ಕೆಲಸ, ರಜೆ ಕೇಳಿಸಬೇಡಿ, ಭಾನುವಾರ ಸಂಜೆ ಇಟ್ಟುಕೊಳ್ಳಿ. ಭಾನುವಾರ ತುಳಸಿ ಕೊಯ್ಯುವ ರೂಢಿಯಿಲ್ಲ, ಶನಿವಾರ ಬೆಳಗ್ಗೆಯೇ ಕೊಯ್ದಿಡಿ. ತುಳಸಿಗೆ ಹಳಸಿದ ದೋಷವಿಲ್ಲ.

ಸಂತೋಷ ಬಂದಿಲ್ಲವೆಂದು ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಎರಡು ವರ್ಷ ಹೆದರಿದ ಜೀವಕ್ಕೆ ನಂಬಿಕೆ ನಿಧಾನವಾಗಿಯೇ ಮರಳುತ್ತದೆ. ಪುರೋಹಿತರಿಗೆ ‘ಇದು ಹರಕೆ ಪೂಜೆ’ ಎಂದು ಮೊದಲೇ ತಿಳಿಸಿ, ಸಂಕಲ್ಪದಲ್ಲಿ ಹೊಸದೇನನ್ನೂ ಬೇಡಬೇಡಿ. ಎಷ್ಟೋ ಮನೆಗಳಲ್ಲಿ ಎಡವುವುದು ಇಲ್ಲೇ: ಸಂದದ್ದಕ್ಕೆ ಕೈಮುಗಿಯುವ ಮೊದಲೇ ಮುಂದಿನ ಬೇಡಿಕೆ ಶುರುವಾಗಿ, ಭಯ ಮತ್ತೆ ಒಳಗೆ ಬಂದು ಕೂರುತ್ತದೆ. ನಿದ್ದೆ, ಊಟ ವಾರಗಟ್ಟಲೆ ಕೆಟ್ಟಿದ್ದರೆ ಪೂಜೆಯ ಜೊತೆಗೆ ವೈದ್ಯರನ್ನೂ ಕಾಣಿ.

ಪ್ರಸಾದಕ್ಕೆ ಸಪಾದದ, ಅಂದರೆ ಒಂದೂಕಾಲರ ಲೆಕ್ಕ: ಸಣ್ಣ ರವೆ, ಸಕ್ಕರೆ, ತುಪ್ಪ, ಹಾಲು ತಲಾ 1¼ ಕಪ್. ತುಪ್ಪದಲ್ಲಿ ರವೆಯನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿದು, ಕಿವುಚಿದ 3–4 ಏಲಕ್ಕಿ ಬಾಳೆಹಣ್ಣು (ನಿಮ್ಮಲ್ಲಿ ‘ವೆಲ್ಚಿ’ ಎಂದು ಕೇಳಿ) ಹಾಕಿ ಬಾಡಿಸಿ. ಬಳಿಕ ಕುದಿಯುವ ಹಾಲಿಗೆ 1½ ಕಪ್ ಬಿಸಿನೀರು ಬೆರೆಸಿ ಹೊಯ್ಯಿರಿ. ತಣ್ಣಗಿದ್ದರೆ ಗಂಟು ಕಟ್ಟುತ್ತದೆ. ರವೆ ಪೂರ್ತಿ ಅರಳಿದ ಮೇಲಷ್ಟೇ ಸಕ್ಕರೆ. ಮೊದಲೇ ಹಾಕಿದರೆ ರವೆ ಬೇಯದೆ ಹರಳು ಹರಳಾಗಿ ಉಳಿಯುತ್ತದೆ. ಬಾಳೆ ಎಲೆ, ಬಿಡಿ ಹೂವು ಮುಂಬಯಿಯ ಮಾಟುಂಗಾದಲ್ಲಿ ಸಿಗುತ್ತವೆ.

ಕರೆಯುವವರ ಪಟ್ಟಿಯನ್ನು ನೆಂಟರಿಂದ ಶುರುಮಾಡಬೇಡಿ. ಕಷ್ಟದಲ್ಲಿ ಉದ್ರಿ ಕೊಟ್ಟ ಕಿರಾಣಿಯವರು, ಮಕ್ಕಳನ್ನು ನೋಡಿಕೊಂಡ ನೆರೆಯವರು, ಕೈಸಾಲ ಕೊಟ್ಟು ತಗಾದೆ ಮಾಡದವರು, ಇವರ ಹೆಸರು ಮೊದಲು ಬರೆಯಿರಿ. ದೇವರು ಸಹಾಯ ಮಾಡಿದ್ದು ಇವರ ಕೈಯಿಂದಲೇ. ಕಥೆಯಲ್ಲಿ ಸಾಧುವಿನ ಮಗಳು ಕಲಾವತಿ ಗಂಡನನ್ನು ನೋಡುವ ಅವಸರದಲ್ಲಿ ಪ್ರಸಾದ ಬಿಟ್ಟು ಓಡಿದ್ದಳಲ್ಲ. ಹಾಗೆ ಲೋಕಲ್ ರೈಲು ತಪ್ಪುತ್ತದೆಂದು ಮಧ್ಯದಲ್ಲೇ ಏಳುವವರಿಗೂ, ಬರಲಾಗದವರಿಗೂ ಪ್ರಸಾದ ಸಣ್ಣ ಡಬ್ಬಿಗಳಲ್ಲಿ ತುಂಬಿಡಿ.